ಮರೆತವರಲ್ಲಿ ಕ್ಷಮೆ ಕೇಳುವುದು

ನಮ್ಮ ಕಿರುಬಾಪುರದಲ್ಲಿ ನಲವತ್ತು ದಾಟಿದ ಯಾರನ್ನೇ ಕೇಳಿ, ತಾವು ಈ ಲೋಕಕ್ಕೆ ಬಂದದ್ದು ಅನ್ನಪಾಕ್ಯಮ್ಮನ ಕೈಯಲ್ಲಿ ಎನ್ನುತ್ತಾರೆ. ಆಕೆ ಮಿಷನ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದವರು. ಹೊತ್ತುಗೊತ್ತು ನೋಡದೆ ಕೆಂಪು ಮರಳಿನ ದಿಬ್ಬಗಳನ್ನು ದಾಟಿ, ತಾಳೆಮರ ಏರುವವರ ಗುಡಿಸಲುಗಳಿಗೆ ನಡೆದೇ ಹೋಗುತ್ತಿದ್ದರು. ಹೆರಿಗೆ ಮುಗಿದ ಮೇಲೆ ಮೊಣಕಾಲೂರಿ ಒಂದು ಪ್ರಾರ್ಥನೆ, ಆಮೇಲೆ ಒಂದು ಲೋಟ ತಾಳೆಬೆಲ್ಲದ ಕಾಫಿ. ಅದಕ್ಕಿಂತ ಹೆಚ್ಚು ಯಾರ ಮನೆಯಲ್ಲೂ ಮುಟ್ಟಿದವರಲ್ಲ. ಬಾಯಿ ಮಾತ್ರ ಬಲು ಜೋರು. ನೋವು ತಿನ್ನುವವರನ್ನೂ ಬೈದು ಬೈದೇ ಹೆರಿಸುತ್ತಿದ್ದರೆಂದು ಹಳಬರು ಈಗಲೂ ನಗುತ್ತಾರೆ.

ಎಪ್ಪತ್ತು ದಾಟಿದ ಮೇಲೆ ಅವರಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಕನ್ನಡಕ, ಬೀಗದಕೈ ಮರೆತರು. ಆಮೇಲೆ ಮನೆಯ ದಾರಿ ಮರೆತರು. ಕೊನೆಗೆ ಮನೆಯವರನ್ನೇ ಮರೆಯತೊಡಗಿದರು. ನೋಡಿಕೊಳ್ಳುವ ಭಾರವೆಲ್ಲ ಸೊಸೆ ಜೆಬಮಲರ್ ಮೇಲೆ ಬಿತ್ತು. ಮಗ ಧನಸಿಂಗ್‌ಗೆ ತೂತುಕುಡಿ ಬಂದರಿನಲ್ಲಿ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು. ಮಗಳು ಹೆಪ್ಸಿಬಾ ನಾಗರಕೋವಿಲಿನಲ್ಲಿ ನರ್ಸು. ಬಿಡುವಾದಾಗ ಒಂದು ಚೀಲ ಕಿತ್ತಳೆಹಣ್ಣು ಹಿಡಿದು ಬಂದು, ತಾಯಿಯ ತಲೆಗೆ ಎಣ್ಣೆ ಹಚ್ಚಿ, ಸಂಜೆಯ ಬಸ್ಸಿಗೆ ಅಳುತ್ತಾ ಹೋಗುತ್ತಿದ್ದಳು.

ಮಲರ್ ಎಂದರೆ ನಮ್ಮೂರಲ್ಲಿ ಎಲ್ಲರಿಗೂ ಗೌರವ. ಸ್ತ್ರೀಯರ ಸಂಘದ ಕಾರ್ಯದರ್ಶಿ ಅವಳು. ಚರ್ಚಿನ ಗಾಯನ ತಂಡದಲ್ಲಿ ಮುಂದಿನ ಸಾಲು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅತ್ತೆಯನ್ನು ಸ್ನಾನ ಮಾಡಿಸಿ, ಇಸ್ತ್ರಿ ಮಾಡಿದ ಬಿಳಿ ಸೀರೆ ಉಡಿಸಿ, ಕೈಹಿಡಿದು ಚರ್ಚಿಗೆ ಕರೆತರುವುದನ್ನು ನೋಡಿದವರು, "ಸೊಸೆ ಅಂದ್ರೆ ಹಿಂಗಿರ್ಬೇಕು," ಎಂದು ತಮ್ಮ ಸೊಸೆಯಂದಿರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು.

ಆದರೆ ಮಲರ್‌ಗೆ ಕೋಪವಿತ್ತು. ಊರಿಗೆ ಗೊತ್ತಿಲ್ಲದ, ಮನೆಯ ಗೋಡೆಗಳಿಗಷ್ಟೇ ಗೊತ್ತಿದ್ದ ಕೋಪ. ಅತ್ತೆ ಬೇಯುವ ಅನ್ನಕ್ಕೆ ಎರಡು ಹಿಡಿ ಉಪ್ಪು ಸುರಿಯುತ್ತಿದ್ದರು. ಹೊಲಿದಿಟ್ಟ ರವಿಕೆಯ ಹೊಲಿಗೆ ಬಿಚ್ಚುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, "ಯಾರೇ ನೀನು? ನನ್ನ ಓಲೆ ಕದ್ದು ಎಲ್ಲಿಟ್ಟಿದೀಯೇ ಕಳ್ಳಿ?" ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿದ್ದರು. ಓಲೆ ಅವರ ಕಿವಿಯಲ್ಲೇ ಇರುತ್ತಿತ್ತು. ಮಲರ್ ಅವರ ಕೈ ಹಿಡಿದು ಕಿವಿ ಮುಟ್ಟಿಸುತ್ತಿದ್ದಳು. ಅವರು ಒಂದು ಗಳಿಗೆ ನಾಚಿಕೊಂಡು ನಗುತ್ತಿದ್ದರು. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಮತ್ತೆ, "ಕಳ್ಳಿ, ನನ್ನ ಓಲೆ?"

ಈ ಕೋಪಕ್ಕೆ ಮಲರ್ ಒಂದು ದಾರಿ ಕಂಡುಕೊಂಡಿದ್ದಳು. ಸಿಟ್ಟು ತಲೆಗೇರುತ್ತಿದೆ ಅನ್ನಿಸಿದ ಕೂಡಲೇ ಬಾಯಿ ಬಿಗಿದು, ಯೇಸು ಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಹೇಳುವುದು. ಅದು ಮುಗಿಯುವ ತನಕ ಮಾತಾಡಬಾರದು. ಸ್ತ್ರೀಯರ ಸಂಘದಲ್ಲಿ ಒಮ್ಮೆ ಇದನ್ನೇ ಪಾಠವಾಗಿ ಹೇಳಿದಳು. ಕೇಳಿದವರಲ್ಲಿ ಪಕ್ಕದ ಮನೆಯ ವಿಧವೆ ತಂಗಪುಷ್ಪಂ ಒಬ್ಬಳೇ ತಕರಾರು ತೆಗೆದದ್ದು. "ನಮ್ಮನೆ ಯಜಮಾನ ಇದ್ದಿದ್ರೆ ಈ ಪ್ರಾರ್ಥನೆ ಸಾಲ್ತಿರ್ಲಿಲ್ಲ ಕಣೇ. ಇಡೀ ಕೀರ್ತನೆ ಪುಸ್ತಕ ಬೇಕಾಗ್ತಿತ್ತು," ಎಂದಳು. ಎಲ್ಲರೂ ನಕ್ಕರು. ಮಲರ್ ಕೂಡ ನಕ್ಕಳು. ಆ ದಾರಿ ಸಣ್ಣಪುಟ್ಟ ಸಿಟ್ಟುಗಳಿಗೆ ನಿಜವಾಗಿಯೂ ಆಗಿಬರುತ್ತಿತ್ತು.

ಸ್ತೋತ್ರ ಹಬ್ಬ ಹತ್ತಿರ ಬಂದಿತ್ತು. ಬೆಳೆಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುವ ಆ ಹಬ್ಬಕ್ಕೆ ಗಾಯನ ತಂಡದವರಿಗೆಲ್ಲ ಹೊಸ ಬಿಳಿ ನಿಲುವಂಗಿ ಹೊಲಿದುಕೊಡುತ್ತೇನೆಂದು ಮಲರ್ ಒಪ್ಪಿಕೊಂಡಿದ್ದಳು. ಆ ದಿನಗಳಲ್ಲಿ ಅತ್ತೆಗೆ ರಾತ್ರಿ ನಿದ್ದೆಯಿಲ್ಲ, ಹಾಗಾಗಿ ಇವಳಿಗೂ ಇಲ್ಲ. ಆದರೂ ಕೂತು ಕೂತು ಬೆನ್ನು ಹಿಡಿದರೂ ಬಿಡದೆ ಹೊಲಿದು ಮುಗಿಸಿದಳು. ಮಡಿಸಿದ ನಿಲುವಂಗಿಗಳನ್ನು ಮಂಚದ ಮೇಲೆ ಒಟ್ಟಿದ್ದಳು. ಅಂದು ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಮೀನಿನವಳು ಬಂದು ಕೂಗಿದಳು. ಮತ್ತಿ ಮೀನು ತೂಗಿಸಿ, ಹಳತು ಹೊಸತು ಎಂದು ಎರಡು ಮಾತು ಜಗಳವಾಡಿ ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅನ್ನಪಾಕ್ಯಂ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಕೈಯಲ್ಲಿ ದೊಡ್ಡ ಕತ್ತರಿ. ನಿಲುವಂಗಿಗಳನ್ನು ಒಂದೊಂದಾಗಿ ಕತ್ತರಿಸಿ, ಅಗಲದ ತುಂಡು ಒಂದು ಕಡೆ, ಸಣ್ಣ ಪಟ್ಟಿ ಒಂದು ಕಡೆ, ಅಚ್ಚುಕಟ್ಟಾಗಿ ಜೋಡಿಸಿದ್ದರು. ಮಲರ್‌ಳನ್ನು ಕಂಡು, "ಬಂದ್ಯಾ? ನಿಂತ್ಕೊಂಡು ನೋಡ್ತೀಯಲ್ಲೇ, ಹೋಗು ನೀರು ಕಾಸು. ತಲೆ ಕಾಣ್ತಿದೆ, ಇನ್ನೇನು ಮಗು ಬಂತು," ಎಂದರು.

ಮಲರ್ ಪ್ರಾರ್ಥನೆ ಶುರುಮಾಡಿದಳು. ಹಲ್ಲು ಕಚ್ಚಿಕೊಂಡು ಸಾಲು ಸಾಲಾಗಿ ಹೇಳುತ್ತಲೇ ಬಗ್ಗಿ ಕತ್ತರಿ ಹಿಡಿದಳು. ಅತ್ತೆ ಬಿಡಲಿಲ್ಲ. "ಓಲೆ ಸಾಲ್ದು ಅಂತ ಈಗ ಕತ್ತರಿನೂ ಬೇಕಾ ನಿಂಗೆ? ಕಳ್ಳಿ! ನಿಮ್ಮಪ್ಪನ ಮನೇಲಿ ಇದನ್ನೇ ಕಲಿಸಿದ್ದಾ?" ಮಲರ್ ಅವರ ಮಣಿಕಟ್ಟು ಹಿಡಿದು ಅಮುಕಿದಳು. ಕತ್ತರಿ ಕೆಳಗೆ ಬಿತ್ತು. ಅಲ್ಲಿಗೆ ನಿಲ್ಲಬಹುದಿತ್ತು. ಕತ್ತರಿ ಬಿದ್ದದ್ದನ್ನು ಅವಳು ನೋಡಿದ್ದಳು ಕೂಡ. ಆದರೆ ಕೈ ಬಿಡಲಿಲ್ಲ, ತಿರುಚಿದಳು. ಮನಸ್ಸು ಆಗಲೂ ಪ್ರಾರ್ಥನೆಯನ್ನೇ ಹೇಳುತ್ತಿತ್ತು; ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎನ್ನುವ ಸಾಲಿಗೆ ಬಂದಿತ್ತು.

ಮುದುಕಿ ಕಿರುಚಲಿಲ್ಲ. ಮಗು ಅಳುವ ಮೊದಲು ಮುಖ ಕಿವುಚಿಕೊಳ್ಳುತ್ತದಲ್ಲ, ಹಾಗೆ ಮುಖ ಕಿವುಚಿ, ದನಿಯೇ ಇಲ್ಲದೆ ಬಾಯಿ ತೆರೆದರು. ಮಲರ್ ಕೈ ಬಿಟ್ಟಳು. ಆ ಸುಕ್ಕು ಚರ್ಮದ ಮೇಲೆ ಅವಳ ಬೆರಳುಗಳು ಕೆಂಪಗೆ ಮೂಡಿದ್ದವು.

ಎಣ್ಣೆ ಕಾಯಿಸಿ ಹಚ್ಚಿದಳು. ಊತ ಏರುತ್ತಲೇ ಹೋಯಿತು. ಮುದುಕಿಯ ನರಳಾಟ ಕೇಳಿ ತಂಗಪುಷ್ಪಂ ಬೇಲಿ ದಾಟಿ ಬಂದಳು. "ಏನಾಯ್ತೇ ಮಲರ್? ಕೈ ಯಾಕೆ ಹಿಂಗೆ ಊದಿದೆ?"

"ಬಚ್ಚಲಲ್ಲಿ ಜಾರಿದ್ರು."

ಆ ಮಾತು ತಾನೇ ತಾನಾಗಿ ಬಾಯಿಂದ ಬಂತು. ಒಮ್ಮೆ ಬಂದ ಮೇಲೆ ಅದನ್ನೇ ಆಸ್ಪತ್ರೆಯಲ್ಲಿ ಹೇಳಬೇಕಾಯಿತು, ಸಂಜೆ ಗಂಡನಿಗೆ ಹೇಳಬೇಕಾಯಿತು, ಫೋನಿನಲ್ಲಿ ನಾದಿನಿಗೆ ಹೇಳಬೇಕಾಯಿತು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮೊಣಕೈವರೆಗೆ ಪಟ್ಟಿ ಹಾಕಿದರು. ಧನಸಿಂಗ್ ತಾಯಿಯ ತಲೆ ಸವರಿ, "ಸೊಂಟ ಮುರೀಲಿಲ್ವಲ್ಲ, ಕರ್ತನಿಗೆ ಸ್ತೋತ್ರ," ಎಂದ. ಮಲರ್ ಅಡುಗೆಮನೆಗೆ ಹೋಗಿ ನಿಂತುಕೊಂಡಳು.

ಸಂಘದ ಹೆಂಗಸರು ಸುದ್ದಿ ತಿಳಿದು ಓಡಿ ಬಂದರು. ಹೊಸ ಬಟ್ಟೆ ತಂದು, ಒಬ್ಬೊಬ್ಬರು ಒಂದೊಂದು ನಿಲುವಂಗಿ ಹಂಚಿಕೊಂಡು ಹೊಲಿಯಲು ಹೊರಟರು. "ನೀನೊಬ್ಳೇ ಎಷ್ಟು ಅಂತ ಮಾಡ್ತೀಯವ್ವ, ನಿನ್ನ ತಾಳ್ಮೆ ಕರ್ತನು ನೋಡ್ತಿದ್ದಾನೆ," ಎಂದು ಅವಳ ಬೆನ್ನು ತಟ್ಟಿದರು. ಅದಕ್ಕಿಂತ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಆ ಭಾನುವಾರ ಚರ್ಚಿನಲ್ಲಿ ಕರ್ತನ ಪಂಕ್ತಿ, ಎಂದರೆ ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ, ಇತ್ತು. ಪಾದ್ರಿ ಜೆಯಸೀಲನ್ ಅಯ್ಯ ಇನ್ನೂ ಚಿಕ್ಕ ವಯಸ್ಸಿನವರು, ಊರಿಗೆ ಬಂದು ಬಹಳ ಕಾಲ ಆಗಿರಲಿಲ್ಲ. ಜಾರಿಬಿದ್ದ ಅನ್ನಪಾಕ್ಯಂ ತಾಯಿಯವರಿಗಾಗಿ, ಅವರನ್ನು ಕಣ್ಣಿನ ರೆಪ್ಪೆಯಂತೆ ಕಾಯುತ್ತಿರುವ ಸಹೋದರಿ ಜೆಬಮಲರ್‌ಗಾಗಿ ಪ್ರಾರ್ಥಿಸೋಣ ಎಂದರು. ಇಡೀ ಸಭೆ "ಆಮೆನ್" ಎಂದಿತು. ಆಮೇಲೆ ಪ್ರಸಂಗ. ದೇವರ ಮುಂದೆ ಕಾಣಿಕೆ ಹಿಡಿದು ನಿಂತಾಗ, ನಿನ್ನಿಂದ ನೊಂದವರು ಒಬ್ಬರಿದ್ದಾರೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವರೊಂದಿಗೆ ಸಮಾಧಾನವಾಗಿ ಬಾ ಎಂದು ಯೇಸು ಸ್ವಾಮಿ ಹೇಳಿದ ಮಾತಿನ ಮೇಲೆಯೇ ಅಂದು ಮಾತಾಡಿದರು.

ರೊಟ್ಟಿ, ದ್ರಾಕ್ಷಾರಸಕ್ಕೆ ಸಾಲು ಸಾಲಾಗಿ ಎದ್ದು ಮುಂದೆ ಹೋಗಿ ಮೊಣಕಾಲೂರುವುದು ನಮ್ಮಲ್ಲಿ ರೂಢಿ. ಗಾಯನ ತಂಡದ ಸಾಲು ಎದ್ದಿತು. ಮಲರ್ ಏಳಲಿಲ್ಲ. ಪಕ್ಕದವಳು ಮೊಣಕೈಯಿಂದ ತಿವಿದಳು. ಮಲರ್ ಕೀರ್ತನೆ ಪುಸ್ತಕದ ಮೇಲೆ ಕಣ್ಣಿಟ್ಟು ಕೂತೇ ಇದ್ದಳು. ನಮ್ಮಂಥ ಊರಿನಲ್ಲಿ ಪಂಕ್ತಿಗೆ ಏಳದವರ ಬೆನ್ನು ಎಲ್ಲರಿಗೂ ಕಾಣುತ್ತದೆ.

ಹೊರಗೆ ಬೇವಿನ ಮರದಡಿ ತಂಗಪುಷ್ಪಂ ಹಿಡಿದು ನಿಲ್ಲಿಸಿದಳು. "ಯಾಕೇ? ಮೈ ಹುಷಾರಿಲ್ವಾ?"

"ಹೂಂ. ತಲೆನೋವು."

"ತಲೆನೋವಿಗೆ ಯಾರಾದ್ರೂ ಪಂಕ್ತಿ ಬಿಡ್ತಾರೇನೇ?" ಎಂದಳು ತಂಗಪುಷ್ಪಂ. ಮುಂದಕ್ಕೆ ಕೇಳಲಿಲ್ಲ.

ಮನೆಗೆ ಬಂದವಳೇ ಮಲರ್ ಸೀರೆ ಕೂಡ ಬದಲಿಸದೆ ಅತ್ತೆಯ ಮಂಚದ ಬಳಿ ನೆಲದ ಮೇಲೆ ಕೂತಳು. ಅನ್ನಪಾಕ್ಯಂ ತಮ್ಮ ಕೈಯ ಪಟ್ಟಿಯನ್ನು ಬೇರೆ ಯಾರದೋ ಸಾಮಾನಿನಂತೆ ನೋಡುತ್ತಿದ್ದರು.

"ಅತ್ತೆ, ನಿಮ್ಮ ಕೈಗೆ ಏನಾಯ್ತು ಗೊತ್ತಾ?"

"ಏನಾಯ್ತೇ?"

"ನಾನು ತಿರುಚ್ದೆ ಅತ್ತೆ. ಸಿಟ್ಟಲ್ಲಿ. ಬೇಕು ಅಂತಲೇ ತಿರುಚ್ದೆ. ನನ್ನ ಕ್ಷಮಿಸಿ."

ಅವರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. "ನೀನಾ? ಛೆ, ನೀನ್ಯಾಕೆ ತಿರುಚ್ತೀಯ? ಒಳ್ಳೆ ಮನೆಯವಳ ಹಂಗೆ ಕಾಣ್ತೀಯ. ನನ್ನ ಸೊಸೆ ಅಂತ ಒಬ್ಳಿದ್ದಾಳೆ, ಅವಳೇ ಇರ್ಬೇಕು. ಅವಳಿಗೆ ಮೂಗಿನ ತುದೀಲೇ ಕೋಪ." ಮತ್ತೆ ಗುಟ್ಟು ಹೇಳುವಂತೆ ಬಗ್ಗಿ, "ಅವಳ ಹತ್ರ ಹೇಳ್ಬೇಡ ಮತ್ತೆ," ಎಂದರು.

ಮಲರ್ ಮತ್ತೆ ಹೇಳಿದಳು. ಸಂಜೆ ಇನ್ನೊಮ್ಮೆ ಹೇಳಿದಳು. ಒಂದು ಸಲ ಅವರು, "ಆಯ್ತು ಬಿಡಮ್ಮ, ಕ್ಷಮಿಸ್ದೆ," ಎಂದರು, ಹಾಲಿನವನಿಗೆ ನಾಳೆ ಬಾ ಎನ್ನುವ ದನಿಯಲ್ಲಿ. ಅದನ್ನು ಕ್ಷಮೆ ಎಂದು ಹಿಡಿದುಕೊಳ್ಳಲು ಅವಳಿಗೆ ಆಗಲಿಲ್ಲ. ಮರುದಿನ ತಲೆ ಬಾಚಲು ಬಾಚಣಿಗೆ ಹಿಡಿದು ಹತ್ತಿರ ಹೋದಾಗ, ಅತ್ತೆ ಮಾತಿನ ನಡುವೆಯೇ, ಮಾತು ನಿಲ್ಲಿಸದೆಯೇ, ನೋವಿನ ಕೈಯನ್ನು ಸರಕ್ಕನೆ ಎದೆಗೆ ಒತ್ತಿಕೊಂಡರು. ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ. ಮನಸ್ಸು ಮರೆತಿತ್ತು, ಕೈ ಮರೆತಿರಲಿಲ್ಲ. ಮಲರ್ ಬಾಚಣಿಗೆ ಕೆಳಗಿಟ್ಟು, ಮಂಚದ ಕಾಲಿಗೆ ತಲೆ ಆನಿಸಿ ಅತ್ತಳು. ಅತ್ತೆ ಇನ್ನೊಂದು ಕೈಯಿಂದ ಅವಳ ಬೆನ್ನು ಸವರುತ್ತಾ, "ಅಳ್ಬೇಡ, ಮೊದಲ ಹೆರಿಗೆ ಎಲ್ಲರಿಗೂ ಹಂಗೇ," ಎಂದರು.

ಅವಳು ಪಾದ್ರಿ ಅಯ್ಯನ ಮನೆಗೆ ಹೋದಳು. ನಡೆದದ್ದನ್ನು ಬಿಡಿಸಿ ಹೇಳಿದಳು. ಅಯ್ಯನ ಮುಖ ಬಿಳಿಚಿತು. ತಾನು ಸಭೆಯ ಮುಂದೆ ಮಾಡಿದ ಪ್ರಾರ್ಥನೆ ನೆನಪಾಗಿರಬೇಕು. "ಅಕ್ಕ, ನೀವು ದೇವರ ಮುಂದೆ ಕಣ್ಣೀರು ಹಾಕಿದ್ದೀರಿ. ಆತನು ಕ್ಷಮಿಸಿದ್ದಾನೆ. ಮುಂದಿನ ಸಲ ಪಂಕ್ತಿಗೆ ಬನ್ನಿ," ಎಂದರು.

"ಅಷ್ಟೇನಾ ಅಯ್ಯ?" ಮಲರ್ ದನಿ ಏರಿತು. "ಅವರ ಕೈ ಮುರಿದಿದ್ದು ನಾನು. ದೇವರ ಕೈ ಅಲ್ಲ. ಹೋಗಿ ಸಮಾಧಾನವಾಗಿ ಬಾ ಅಂತ ನೀವೇ ಹೇಳಿದ್ರಿ. ಹೋದೆ. ಅವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ಮರೆತವರ ಹತ್ರ ಹೆಂಗೆ ಕ್ಷಮೆ ಕೇಳೋದು? ಅದಕ್ಕೆ ನಿಮ್ಮ ಹತ್ರ ಮಾತಿದ್ಯಾ?"

ಅಯ್ಯ ತಲೆ ತಗ್ಗಿಸಿದರು. "ಇಲ್ಲ ಅಕ್ಕ. ಸುಲಭಕ್ಕೆ ಹೇಳ್ಬಿಟ್ಟೆ." ಬಳಿಕ ಮೆಲ್ಲನೆ ಕೇಳಿದರು: "ಬಚ್ಚಲಲ್ಲಿ ಜಾರಿದ್ರು ಅಂತ ಯಾರ್ಯಾರಿಗೆ ಹೇಳಿದ್ದೀರಿ?"

"ಎಲ್ಲರಿಗೂ."

"ಅವರು ಯಾರೂ ಮರೆತಿಲ್ಲವಲ್ಲ."

ಮಲರ್‌ಗೆ ಅರ್ಥವಾಯಿತು. ಅಯ್ಯನ ಹೆಂಡತಿ ಕಾಫಿ ತಂದರು. ಅವಳು ಮುಟ್ಟದೆ ಎದ್ದು ಬಂದಳು.

ಆ ಸಂಜೆ ಧನಸಿಂಗ್ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಹೇಳಿದಳು. ಅವನು ಬೆನ್ನು ತಿರುಗಿಸಿಯೇ ನಿಂತಿದ್ದ. ನೀರು ಸುರಿಯುತ್ತಲೇ ಇತ್ತು.

"ಕೇಳಿಸ್ತಾ?"

"ಕೇಳಿಸ್ತು. ಬಿಡು. ಆಗಿದ್ದು ಆಯ್ತು. ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ಹೆಪ್ಸಿಗೆ ಹೇಳ್ಬೇಕು."

"ಹುಚ್ಚು ಹಿಡಿದಿದ್ಯಾ ನಿಂಗೆ? ಅವಳು ಊರು ಒಂದು ಮಾಡ್ತಾಳೆ."

"ನಿಮ್ಮ ಅಮ್ಮನ ಕೈ ಮುರಿದೆ ಅಂತಿದೀನಿ. ನಿಮಗೆ ನನ್ನ ಮೇಲೆ ಕೋಪ ಕೂಡ ಬರಲ್ವಾ?"

ಅವನು ತಿರುಗಿದ. ಕಣ್ಣು ಕೆಂಪಗಿದ್ದವು. "ಕೋಪ ಮಾಡ್ಕೊಂಡ್ರೆ ನಾಳೆ ಬೆಳಗ್ಗೆ ನಾನೇ ಮನೇಲಿ ಕೂತು ಅಮ್ಮನ್ನ ನೋಡ್ಕೋಬೇಕಾಗುತ್ತೆ. ನಂಗೆ ಆಗಲ್ಲ ಮಲರ್. ಅದಕ್ಕೇ ಬರಲ್ಲ." ಅಷ್ಟು ನಿಜವನ್ನು ಅವನು ಅವಳೊಡನೆ ಹಿಂದೆಂದೂ ಆಡಿರಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಹೋದ.

ಹಬ್ಬದ ಮುನ್ನಾದಿನ ಹೆಪ್ಸಿಬಾ ಬಂದಳು. ತಾಯಿಯ ಪಟ್ಟಿ ನೋಡಿ, ಬೆರಳು ಒತ್ತಿ, ರಕ್ತ ಸರಿಯಾಗಿ ಓಡುತ್ತಿದೆಯೇ ಎಂದು ಪರೀಕ್ಷಿಸಿದಳು. ಅಡುಗೆಮನೆಯಲ್ಲಿ ಮಲರ್ ಕಾಯಿ ತುರಿಯುತ್ತಿದ್ದಳು. ಹೆಪ್ಸಿಬಾ ಬಂದು ಎದುರು ಕೂತು ಈರುಳ್ಳಿ ಸುಲಿಯತೊಡಗಿದಳು. "ಬಚ್ಚಲಿಗೆ ಹಿಡಿಕೆ ಹಾಕಿಸಿ ಅಂತ ಅಣ್ಣನಿಗೆ ಎಷ್ಟು ಸಲ ಹೇಳಿದ್ದೀನಿ ಅತ್ತಿಗೆ. ಅವನಿಗೆ ಕಿವಿನೇ ಇಲ್ಲ."

"ಬಚ್ಚಲಲ್ಲಿ ಜಾರ್ಲಿಲ್ಲ ಹೆಪ್ಸಿ. ನಾನು ತಿರುಚ್ದೆ."

ಕಾಯಿ ತುರಿಯುವುದನ್ನು ನಿಲ್ಲಿಸಿ, ಕತ್ತರಿ ಬಿದ್ದ ಮೇಲೂ ಕೈ ಬಿಡದ ಸಂಗತಿಯನ್ನೂ ಸೇರಿಸಿ, ಪೂರ್ತಿ ಹೇಳಿದಳು. ಹೆಪ್ಸಿಬಾಳ ಕೈಯಿಂದ ಈರುಳ್ಳಿ ಉರುಳಿತು.

"ನಾನು ಫೋನ್ ಮಾಡಿದಾಗ ಏನಂದೆ ನೀನು? ಜಾರಿದ್ರು ಅಂದೆ. ನಾನು ನಿಂಗೆ ಸಮಾಧಾನ ಹೇಳ್ದೆ! ಅಳ್ಬೇಡ ಅತ್ತಿಗೆ ಅಂತ ನಾನು ನಿಂಗೆ ಹೇಳ್ದೆ!" ಅವಳು ಎದ್ದು ನಿಂತಿದ್ದಳು. "ಇಷ್ಟು ಜನಕ್ಕೆ ಹೆರಿಗೆ ಮಾಡಿಸಿದ ಕೈ ಅದು. ಚರ್ಚಲ್ಲಿ ನಿಂತು ಹಾಡ್ತೀಯ, ಸಂಘದಲ್ಲಿ ಪಾಠ ಹೇಳ್ತೀಯ, ಮನೇಲಿ ಇದಾ ಮಾಡೋದು? ನಾಳೆನೇ ಕರ್ಕೊಂಡು ಹೋಗ್ತೀನಿ ನಮ್ಮಮ್ಮನ್ನ. ನಿನ್ನ ಕೈಗೆ ಬಿಡಲ್ಲ."

"ಕರ್ಕೊಂಡು ಹೋಗು."

"ಹೋಗ್ತೀನಿ!" ಎಂದವಳು ಅಲ್ಲೇ ನಿಂತಳು. ಬಾಡಿಗೆಯ ಒಂದು ಕೋಣೆ, ಪಾಳಿ ಕೆಲಸ, ಗಂಡನಿಗೆ ಶಿವಕಾಶಿಯಲ್ಲಿ ಕೆಲಸ. ಹಗಲು ಪಾಳಿಗೆ ಹೋದರೆ ತಾಯಿಯ ಬಳಿ ಯಾರು? ಅದೆಲ್ಲ ಅವಳ ಮುಖದಲ್ಲಿ ಒಂದರ ಹಿಂದೆ ಒಂದು ಹಾದುಹೋದದ್ದನ್ನು ಮಲರ್ ನೋಡಿದಳು.

ಆಗ ಮಲರ್‌ಗೆ ಕೋಪ ಬಂತು. ತಾನು ತಪ್ಪೊಪ್ಪಿಕೊಂಡ ಗಳಿಗೆಯಲ್ಲೇ ಅದು ಬಂದದ್ದು ಅವಳಿಗೇ ಹೆದರಿಕೆ ಹುಟ್ಟಿಸಿತು. ಕಿತ್ತಳೆಹಣ್ಣು ತಂದು ಸಂಜೆಗೆ ಹೊರಡುವವಳು ಇವಳು. ತಿಂಗಳುಗಟ್ಟಲೆ ಮಲಮೂತ್ರ ಬಳಿದವಳು ನಾನು. ಬೈಯಲು ಇವಳಿಗೆ ಏನು ಹಕ್ಕು? ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿಕೊಳ್ಳುವ ಹಳೆಯ ಅಭ್ಯಾಸ ಬಂತು, ಪ್ರಾರ್ಥನೆಯ ಮೊದಲ ಸಾಲೂ ಬಂತು. ಆದರೆ ಹಾಗೆ ಹಲ್ಲು ಕಚ್ಚಿಕೊಂಡಿದ್ದಾಗಲೇ ಏನಾಯಿತು ಎಂದು ಅವಳಿಗೆ ಗೊತ್ತಿತ್ತು. ಅವಳು ಬಾಯಿ ಬಿಟ್ಟಳು.

"ಹೆಪ್ಸಿ, ನಂಗೀಗ ನಿನ್ನ ಮೇಲೆ ಕೋಪ ಬರ್ತಿದೆ. ಬಹಳ ಬರ್ತಿದೆ. ಬಾರದ ಮಾತು ಬರುತ್ತೆ ಈಗ. ನಾನು ಹೊರಗೆ ಹೋಗ್ತೀನಿ. ನೀನು ಅತ್ತೆ ಹತ್ರ ಕೂತ್ಕೋ."

ಕೈ ಕೂಡ ತೊಳೆಯದೆ ಹೊರಟಳು. ಚರ್ಚಿನ ಅಂಗಳದಲ್ಲಿ ನಾಳೆಯ ಅಡುಗೆಗೆ ಗಂಡಸರು ಒಲೆಗುಂಡಿ ತೋಡುತ್ತಿದ್ದರು. ಒಳಗೆ ಯಾರೂ ಇರಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತಳು. ಪ್ರಾರ್ಥನೆ ಎಂದರೆ ಅಂದು ಇಷ್ಟೇ: "ಕರ್ತನೇ, ನಂಗೆ ಕೋಪ ಬಂದಿದೆ. ನೀನೇ ನೋಡು. ನಂಗಿದು ಎತ್ತೋಕೆ ಆಗ್ತಿಲ್ಲ." ಅಷ್ಟನ್ನೇ ಮತ್ತೆ ಮತ್ತೆ ಹೇಳಿದಳು. ಅತ್ತಳು. ಕೋಪ ಪೂರ್ತಿ ಹೋಗಲಿಲ್ಲ. ಮನೆಗೆ ನಡೆದು ಹೋಗುವಷ್ಟು ಇಳಿಯಿತು.

ಮನೆಯಲ್ಲಿ ಹೆಪ್ಸಿಬಾ ತಾಯಿಯ ಪಕ್ಕ ಕೂತಿದ್ದಳು. ಸೆರಗು ತೋಯ್ದಿತ್ತು, ಕೆನ್ನೆಯ ಮೇಲೆ ಅನ್ನದ ಅಗುಳು. ತಾಯಿ ತಟ್ಟೆ ಎತ್ತಿ ಎಸೆದಿದ್ದರು. "ನನ್ನನ್ನೂ ಕಳ್ಳಿ ಅಂದ್ರು," ಎಂದಳು ಹೆಪ್ಸಿಬಾ, ಮಲರ್ ಮುಖ ನೋಡದೆ. ಆಮೇಲೆ ಅಂದು ಇಬ್ಬರೂ ಮಾತಾಡಲಿಲ್ಲ. ಹೆಪ್ಸಿಬಾ ಹಬ್ಬದ ಊಟಕ್ಕೂ ನಿಲ್ಲದೆ ಬೆಳಗಿನ ಬಸ್ಸಿಗೆ ಹೋದಳು. ತಾಯಿಯನ್ನು ಕರೆದುಕೊಂಡು ಹೋಗಲಿಲ್ಲ.

ಹಬ್ಬ ಕಳೆದ ಮೇಲೆ ಸಂಘ ಸೇರಿದಾಗ, ಮಲರ್ ಎದ್ದು ನಿಂತು ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಎಂದಳು. ಯಾಕೆ ಎಂಬುದನ್ನೂ ಹೇಳಿದಳು. ಒಬ್ಬಿಬ್ಬರು ಅಂದಿನಿಂದ ಅವಳ ಬಳಿ ರವಿಕೆ ಹೊಲಿಸುವುದನ್ನು ನಿಲ್ಲಿಸಿದರು. ಬೀದಿಯಲ್ಲಿ ಕಂಡರೆ, "ಸ್ತೋತ್ರ," ಎಂದು ಹೇಳಿ ಬೇಗ ಬೇಗ ಹೋಗುವವರು ಹೆಚ್ಚಾದರು. ತಂಗಪುಷ್ಪಂ ಮಾತ್ರ ಮರುದಿನ ಮಧ್ಯಾಹ್ನ ಎಲೆಅಡಿಕೆ ಚೀಲ ಹಿಡಿದು ಬಂದು ಜಗುಲಿಯ ಮೇಲೆ ಕೂತಳು.

"ಬಾಯಿ ತೆರೆದು ಹೇಳ್ಬಾರ್ದೇನೇ ಮೊದಲೇ? ಪಕ್ಕದಲ್ಲೇ ಇದೀನಿ, ಕಲ್ಲಾ ನಾನು? ಹೋಗು, ಮಲಗು. ಈ ಮುದುಕಿ ನನ್ನನ್ನ ಕಳ್ಳಿ ಅಂದ್ರೆ ನಂಗೇನು, ನಾನು ವಾಪಸ್ ಎರಡು ಬೈತೀನಿ. ಇಬ್ಬರಿಗೂ ಹೊತ್ತು ಹೋಗುತ್ತೆ."

ಅವಳು ದಿನವೂ ಬರತೊಡಗಿದಳು. ಮಲರ್ ಒಂದು ಹೊಸ ಮಾತು ಕಲಿತಳು: "ಅಕ್ಕ, ನಂಗೆ ಆಗ್ತಿಲ್ಲ, ಬಾ." ಬೇಲಿಯ ಈಚೆಯಿಂದ ಹಾಗೆ ಕೂಗಿದರೆ ತಂಗಪುಷ್ಪಂ ಬರುತ್ತಿದ್ದಳು, ಇವಳು ಚರ್ಚಿನ ಕೊನೆಯ ಬೆಂಚಿಗೆ ಹೋಗುತ್ತಿದ್ದಳು. ಎಲ್ಲ ಸಲವೂ ಸರಿಯಾಗುತ್ತಿತ್ತು ಎಂದಲ್ಲ. ಒಮ್ಮೆ ತಟ್ಟೆಯನ್ನು ಗೋಡೆಗೆ ಎಸೆದಳು. ಒಮ್ಮೆ ಅತ್ತೆಗೆ ಕೇಳುವಂತೆಯೇ ಅವರ ಸಾವನ್ನು ಬೇಡಿಕೊಂಡಳು, ಬಳಿಕ ಆ ಮಾತಿಗಾಗಿ ಊಟ ಬಿಟ್ಟಳು. ಮೈ ಮೇಲೆ ಕೈ ಮಾತ್ರ ಮತ್ತೆ ಮಾಡಲಿಲ್ಲ. ಧನಸಿಂಗ್ ಬಂದರಿನಲ್ಲಿ ಕೇಳಿಕೊಂಡು ವಾರಕ್ಕೊಂದು ದಿನ ಮನೆಯಲ್ಲಿ ಉಳಿಯತೊಡಗಿದ. ಮೊದಲ ದಿನವೇ ಸಂಜೆಯಷ್ಟರಲ್ಲಿ ಅವನ ಕಿರುಚಾಟ ಬೀದಿಗೆ ಕೇಳಿಸಿತು. ಅವನೇ ತಾನಾಗಿ ಚರ್ಚಿನ ಕಡೆ ನಡೆದು ಹೋದದ್ದನ್ನು ನಾವು ನೋಡಿದೆವು.

ಪಂಕ್ತಿಯ ಭಾನುವಾರಗಳು ಬಂದು ಹೋದವು. ಮಲರ್ ಏಳುತ್ತಿರಲಿಲ್ಲ. ಜೆಯಸೀಲನ್ ಅಯ್ಯ ಒತ್ತಾಯ ಮಾಡಲಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಅನ್ನಪಾಕ್ಯಂ ಮಂಚ ಬಿಟ್ಟು ಏಳದಂತಾದರು. ಅಯ್ಯ ರೊಟ್ಟಿ, ದ್ರಾಕ್ಷಾರಸದ ಪುಟ್ಟ ಪೆಟ್ಟಿಗೆ ಹಿಡಿದು ಮನೆಗೇ ಬಂದರು. ಅಂದು ಹೆಪ್ಸಿಬಾ ಕೂಡ ಇದ್ದಳು. ಹಬ್ಬದ ನಂತರ ಅವಳು ಬರುವುದನ್ನು ಬಿಟ್ಟಿರಲಿಲ್ಲ, ಆದರೆ ಮಲರ್ ಜೊತೆ ಬೇಕಾದಷ್ಟೇ ಮಾತು. ಅಯ್ಯ ಪ್ರಾರ್ಥಿಸಿ ಮುದುಕಿಯ ಅಂಗೈಯಲ್ಲಿ ರೊಟ್ಟಿಯ ತುಂಡು ಇಟ್ಟರು. ಅವರು ಅದನ್ನು ತಿನ್ನಲಿಲ್ಲ. ತಿರುಗಿಸಿ ನೋಡಿ, ಎರಡು ಮಾಡಿ, ಬಾಗಿಲ ಬಳಿ ನಿಂತಿದ್ದ ಮಲರ್ ಕಡೆಗೆ ಕೈ ಚಾಚಿದರು.

"ಬಾರೇ ಇಲ್ಲಿ. ಬೆಳಗಿಂದ ಓಡಾಡ್ತಿದೀಯ, ಏನೂ ತಿಂದಿಲ್ಲ ನೀನು. ತಗೋ."

ಮಲರ್ ಅಯ್ಯನ ಮುಖ ನೋಡಿದಳು. ಅಯ್ಯ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಮಲರ್ ಹೋಗಿ ಮಂಚದ ಬಳಿ ಮೊಣಕಾಲೂರಿ ಆ ಅರ್ಧ ತುಂಡು ತೆಗೆದುಕೊಂಡಳು. ಮುದುಕಿ ಉಳಿದರ್ಧ ಬಾಯಿಗೆ ಹಾಕಿಕೊಂಡು, "ಉಪ್ಪೇ ಇಲ್ಲ," ಎಂದರು.

ಅಯ್ಯ ಹೋದ ಮೇಲೆ ಹೆಪ್ಸಿಬಾ ಬಸ್ಸಿಗೆ ಹೊರಟಳು. ಮಲರ್ ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದಳು. ಮೊದಲ ಬಾರಿಗೆ ಹೆಪ್ಸಿಬಾ ಬೇಡ ಎನ್ನಲಿಲ್ಲ. ಬಸ್ಸು ದೂರದ ತಿರುವಿನಲ್ಲಿ ಕಂಡಾಗ ಹೇಳಿದಳು:

"ನಾನಿನ್ನೂ ನಿನ್ನ ಕ್ಷಮಿಸಿಲ್ಲ ಅತ್ತಿಗೆ. ಸುಳ್ಳು ಹೇಳಲ್ಲ. ದಿನಾ ಪ್ರಾರ್ಥನೆ ಮಾಡ್ತೀನಿ, ಬರ್ತಾ ಇಲ್ಲ."

"ಅದು ಬರದಿದ್ರೂ ನೀನು ಬರ್ತಾ ಇರು," ಎಂದಳು ಮಲರ್.

ಹೆಪ್ಸಿಬಾ ಬಸ್ಸು ಹತ್ತಿ ಕಿಟಕಿಯ ಬಳಿ ಕೂತಳು. ಕೈ ಬೀಸಲಿಲ್ಲ. ಬಸ್ಸು ಹೊರಟಾಗ, "ಗುರುವಾರ ಹಗಲು ಪಾಳಿ ಇಲ್ಲ, ಬರ್ತೀನಿ. ನೀನು ಅವತ್ತು ಮಲಕ್ಕೋ," ಎಂದು ಕೂಗಿ ಹೇಳಿದಳು. ಮಲರ್ ತಲೆಯಾಡಿಸಿ, ಕೆಂಪು ಧೂಳಿಗೆ ಸೆರಗು ಮುಚ್ಚಿಕೊಂಡು ಮನೆಯ ಕಡೆ ಬೇಗ ಬೇಗ ನಡೆದಳು.